ಶಿವಮೊಗ್ಗದ ಚಾಂಪಿಯನ್, ನನ್ನ ದಾದಾ ಮತ್ತು ಒಂದು ಸುಳ್ಳು ಗೆಲುವು

2023ರ ಏಪ್ರಿಲ್ ತಿಂಗಳು. ಎಸೆಸೆಲ್ಸಿ ಪರೀಕ್ಷೆ ಮುಗಿದಿತ್ತು, ರಂಜಾನ್ ಹಬ್ಬವೂ ಮುಗಿದಿತ್ತು. ಮಧ್ಯಾಹ್ನ ಊಟ ಆದ ಮೇಲೆ ನಾನೂ ದಾದಾನೂ ಮಂಚದ ಮೇಲೆ ಚೆಸ್ ಬೋರ್ಡ್ ಇಟ್ಟುಕೊಂಡು ಕೂತಿದ್ದೆವು. ದಾದಾ ಎಂದರೆ ನನ್ನ ಅಬ್ಬುವಿನ ತಂದೆ. ಆವತ್ತು ನಾನು ಅವರನ್ನು ಸೋಲಿಸಿದೆ. ಅದು ಮೊದಲ ಸಲ. ಐದನೇ ಕ್ಲಾಸಿನಿಂದ ಅವರ ಜೊತೆ ಆಡುತ್ತಿದ್ದೆ, ಒಂದು ಬಾಜಿಯೂ ಗೆದ್ದಿರಲಿಲ್ಲ. ಕುಣಿದುಬಿಟ್ಟೆ. ಫುಪ್ಪುವಿಗೆ ಫೋನ್ ಮಾಡಿ ಹೇಳಿದೆ. ಪಕ್ಕದ ಮನೆಯವರಿಗೂ ಹೇಳಿದೆ. ದಾದಾ ನಗುತ್ತಾ ಐವತ್ತು ರೂಪಾಯಿ ಇನಾಮು ಕೊಟ್ಟರು.

ಆ ಗೆಲುವು ಸುಳ್ಳು. ಅದು ನನಗೆ ಆವತ್ತೇ ಗೊತ್ತಿತ್ತು. ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಲೇಖನ. ಜೊತೆಗೆ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಎಂಬ ಚೆಸ್ ಚಾಂಪಿಯನ್ ಬಗ್ಗೆ ನಿಮಗೆ ಹೇಳಬೇಕು. ಅವರನ್ನು ನಾನು ಕಂಡಿಲ್ಲ, ಅವರಿಗೆ ನಮ್ಮ ಮನೆಯ ಸುದ್ದಿ ಗೊತ್ತಿಲ್ಲ. ಆದರೂ ಅವರಿಂದಲೇ ನಮ್ಮ ಮನೆಯ ಬೋರ್ಡ್ ಕಪಾಟಿನ ಮೇಲಿನಿಂದ ಕೆಳಗೆ ಇಳಿಯಿತು.

ಮೊದಲು ದಾದಾ ಬಗ್ಗೆ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಹತ್ತಿರ ಒಂದು ಒಣಹಣ್ಣಿನ ಅಂಗಡಿಯಲ್ಲಿ ಅವರು ಸುಮಾರು ನಲವತ್ತು ವರ್ಷ ಕೆಲಸ ಮಾಡಿದರು. ಈಗ ಮನೆಯಲ್ಲಿದ್ದಾರೆ. ಅಸರ್ ನಮಾಜ್ ಮುಗಿಸಿ ನಮ್ಮ ಗಲ್ಲಿಯ ತುದಿಯಲ್ಲಿ, ಮುಚ್ಚಿದ ಗಡಿಯಾರದ ಅಂಗಡಿಯ ಜಗಲಿಯಲ್ಲಿ ಕೂರುವುದು ಅವರ ರೂಢಿ. ಅಲ್ಲಿ ನಾಲ್ಕೈದು ಜನ ಹಿರಿಯರು ಸೇರುತ್ತಾರೆ. ಒಂದು ಬೋರ್ಡು, ಒಂದು ಫ್ಲಾಸ್ಕ್ ಸುಲೈಮಾನಿ ಚಹಾ. ಮಗ್ರಿಬ್ ಅಜಾನ್ ಆಗುವವರೆಗೂ ಆಟ. ಅವರದು ದೇಸಿ ನಿಯಮ. ಪ್ಯಾದೆ, ಅಂದರೆ ಕಾಲಾಳು, ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಬಾದಶಹ ಒಂದು ಸಲ ಮಾತ್ರ ಕುದುರೆಯ ಹಾಗೆ ಹಾರಬಹುದು. ನಾನು ಹುಡುಗಿ, ಜಗಲಿಗೆ ಹೋಗಿ ಕೂರುವಂತಿರಲಿಲ್ಲ. ಹಾಗಾಗಿ ದಾದಾ ನನಗೆ ಮನೆಯಲ್ಲೇ ಕಲಿಸಿದರು. ಶಾಲೆಯಲ್ಲಿ ನಾನು ಅಂತರರಾಷ್ಟ್ರೀಯ ನಿಯಮ ಕಲಿತು ಬಂದಾಗ ಅದನ್ನೂ ಕಲಿತುಕೊಂಡರು.

ಆ ವರ್ಷ ಶುರುವಿನಲ್ಲಿ ನಾನು ಒಂದು ವಿಷಯ ಗಮನಿಸಿದೆ. ಬೋರ್ಡಿನ ನಡುವೆ ದಾದಾ ಮೊದಲಿನ ಹಾಗೇ ಹುಲಿ. ಆದರೆ ಅಂಚಿನ ಸಾಲುಗಳಲ್ಲಿ ಏನೋ ತಪ್ಪುತ್ತಿತ್ತು. ಒಂದು ದಿನ ಅವರ ಎಡಗಡೆಯ ಕೊನೇ ಸಾಲಿನಲ್ಲಿ ಒಂದು ಪ್ಯಾದೆಯನ್ನು ಸುಮ್ಮನೆ ಬಿಟ್ಟುಕೊಟ್ಟರು. "ದಾದಾ, ನೋಡಿ ಇಲ್ಲಿ" ಎಂದೆ. "ಅರೆ, ಹೌದಲ್ಲ" ಎಂದು ನಡೆ ವಾಪಸ್ ತೆಗೆದುಕೊಂಡರು. ಇನ್ನೊಂದು ಸಲ ಹಾಗೇ ಆದಾಗ ನಾನು ಹೇಳಲಿಲ್ಲ. ಸುಮ್ಮನೆ ಹೊಡೆದೆ. ಏಪ್ರಿಲ್‌ನ ಆ ಮಧ್ಯಾಹ್ನವಂತೂ ಬೇಕೆಂದೇ ಆ ಅಂಚಿನ ಸಾಲನ್ನು ತೆರವು ಮಾಡಿ, ನನ್ನ ಆನೆಯನ್ನು ಮೂಲೆಯಲ್ಲಿ ಕಾಯಲು ಬಿಟ್ಟೆ. ದಾದಾ ತಮ್ಮ ವಜೀರನನ್ನು ತಂದು ಅದೇ ಸಾಲಿನಲ್ಲಿ ಇಟ್ಟರು. ಅಷ್ಟು ವರ್ಷ ಆಡಿದವರು ಅಂಥ ತಪ್ಪು ಮಾಡುವುದಿಲ್ಲ. ನನಗೆ ಅನುಮಾನ ಬರಬೇಕಿತ್ತು. ಅನುಮಾನ ಬಂದಿತ್ತು ಕೂಡ. ಆದರೂ ವಜೀರನನ್ನು ಹೊಡೆದೆ.

ಜುಲೈ ತಿಂಗಳಲ್ಲಿ ದಾದಾ ಮಾರ್ಕೆಟ್ ಹತ್ತಿರ ಒಂದು ತಳ್ಳುಗಾಡಿಗೆ ಢಿಕ್ಕಿ ಹೊಡೆದು ಬಿದ್ದರು. ಗಾಡಿ ನಿಂತೇ ಇತ್ತು. ಗಾಡಿಯವನು "ನಿಂತ ಗಾಡಿ ಕಾಣಲಿಲ್ವಾ ಚಾಚಾ?" ಎಂದು ಕೇಳಿದನಂತೆ. ಅಬ್ಬು ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಗ್ಲುಕೋಮಾ. ನಮ್ಮ ಮನೆಗಳಲ್ಲಿ ಅದನ್ನು ಕಾಲಾ ಮೋತಿಯಾ ಅನ್ನುತ್ತಾರೆ. ಇದು ಪೊರೆಯ ಹಾಗಲ್ಲ. ಪೊರೆಯನ್ನು ಆಪರೇಷನ್ ಮಾಡಿ ತೆಗೆದರೆ ಮತ್ತೆ ಕಾಣುತ್ತದೆ. ಗ್ಲುಕೋಮಾದಲ್ಲಿ ಕಣ್ಣಿನಿಂದ ಮೆದುಳಿಗೆ ಹೋಗುವ ನರವೇ ಹಾಳಾಗುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಲು ದಿನಾ ಡ್ರಾಪ್ಸ್ ಹಾಕಬೇಕು. ಹೆಚ್ಚಿನವರಿಗೆ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಸಾಮಾನ್ಯವಾಗಿ ಮೊದಲು ಪಕ್ಕದ ನೋಟ ಹೋಗುತ್ತದೆ, ನಡುವಿನ ನೋಟ ಕೊನೆಯವರೆಗೂ ಉಳಿಯುತ್ತದೆ. ಅದಕ್ಕೇ ಎಷ್ಟೋ ಜನಕ್ಕೆ ತಡವಾಗುವವರೆಗೂ ಗೊತ್ತೇ ಆಗುವುದಿಲ್ಲ.

ಅಬ್ಬು ಇದನ್ನು ರಾತ್ರಿ ಊಟಕ್ಕೆ ಕೂತಾಗ ಹೇಳಿದರು. "ಪಕ್ಕದಲ್ಲಿ ಇರೋದು ಕಾಣೋದಿಲ್ಲವಂತೆ" ಎಂದರು. ನನ್ನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಮೂಲೆಯಲ್ಲಿ ಕಾಯುತ್ತಿದ್ದ ನನ್ನ ಆನೆ ಕಣ್ಣೆದುರು ಬಂತು. ಮನೆಯಲ್ಲಿ ದಾದಾನ ಕಣ್ಣಿನ ತೊಂದರೆ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೆ. ಮೂರು ತಿಂಗಳ ಹಿಂದೆಯೇ ಗೊತ್ತಾಗಿತ್ತು. ಅದನ್ನು ನಾನು ಯಾರಿಗೂ ಹೇಳದೆ ಒಂದು ಬಾಜಿ ಗೆಲ್ಲಲು ಉಪಯೋಗಿಸಿದೆ.

ಅದಾದ ಮೇಲೆ ದಾದಾ ಆಡುವುದನ್ನೇ ಬಿಟ್ಟರು. ಜಗಲಿಯವರು ಕರೆದರೆ "ಮನಸ್ಸಿಲ್ಲ" ಎನ್ನುತ್ತಿದ್ದರು. ಬೋರ್ಡ್ ಕಪಾಟಿನ ಮೇಲೆ ಹೋಯಿತು. ನಾನು ಕಾಲೇಜಿಗೆ ಸೇರಿ ಕಾಮರ್ಸ್ ತೆಗೆದುಕೊಂಡಿದ್ದೆ. ಸಂಜೆ ಮನೆಗೆ ಬಂದರೆ ದಾದಾ ಮಂಚದ ಮೇಲೆ ಗೋಡೆಗೆ ಒರಗಿ ಕೂತಿರುತ್ತಿದ್ದರು. ನಾನು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಕಾಲೇಜು ಲೈಬ್ರರಿಯಲ್ಲಿ ಕನ್ನಡ ಪತ್ರಿಕೆ ತಿರುವುತ್ತಿದ್ದಾಗ ಚೀನಾದ ಹಾಂಗ್‌ಝೌನಲ್ಲಿ ನಡೆಯುತ್ತಿದ್ದ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಸುದ್ದಿ ಕಂಡಿತು. ಪದಕ ಗೆದ್ದವರ ಪಟ್ಟಿಯಲ್ಲಿ ಚೆಸ್ ಅಂತಲೂ ಇತ್ತು. ದೃಷ್ಟಿದೋಷ ಇರುವವರ ಚೆಸ್. ಭಾರತದ ಒಂದು ತಂಡಕ್ಕೆ ಕಂಚು ಬಂದಿತ್ತು, ಆ ತಂಡದಲ್ಲಿ ಕಿಶನ್ ಗಂಗೊಳ್ಳಿ ಎಂಬ ಹೆಸರು. ನಮ್ಮ ಕರ್ನಾಟಕದವರು, ಶಿವಮೊಗ್ಗದವರು. ಚೆಸ್ ಅಂದರೆ ನನಗೆ ವಿಶ್ವನಾಥನ್ ಆನಂದ್ ಗೊತ್ತು. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ಹೆಸರು ಶಾಲೆಯ ರಸಪ್ರಶ್ನೆಯಲ್ಲಿ ಕೇಳಿದ್ದೆ. ಈ ಹೆಸರನ್ನು ಯಾರೂ ಹೇಳಿರಲಿಲ್ಲ.

ಆವತ್ತಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ಕಿಶನ್ ಅವರು ಅಂಧರ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ಪನ್ನು ಒಂದಲ್ಲ, ಹಲವು ಬಾರಿ ಗೆದ್ದವರು. 2017ರಲ್ಲಿ ಅವರ ವಿಭಾಗದಲ್ಲಿ ಏಷ್ಯಾ ಚಾಂಪಿಯನ್ ಆದರು. 2018ರಲ್ಲಿ ಇಂಡೋನೇಷ್ಯಾದ ಜಕಾರ್ತದಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ರ‍್ಯಾಪಿಡ್ ಚೆಸ್‌ನಲ್ಲಿ ವೈಯಕ್ತಿಕ ಚಿನ್ನ ಗೆದ್ದರು. ಅದೇ ಕೂಟದಲ್ಲಿ ತಮಿಳುನಾಡಿನ ಜೆನಿತಾ ಆಂಟೊ ಗಾಲಿಕುರ್ಚಿಯಲ್ಲಿ ಕೂತು ಇನ್ನೊಂದು ಚಿನ್ನ ಗೆದ್ದರು. ರ‍್ಯಾಪಿಡ್ ಎಂದರೆ ಬೇಗ ಮುಗಿಯುವ ಆಟ, ಗಡಿಯಾರ ಯಾರಿಗೂ ಕಾಯುವುದಿಲ್ಲ. ಎದುರಿಗಿರುವುದು ಏನೆಂದು ಬೆರಳಿನಿಂದ ಮುಟ್ಟಿ ತಿಳಿಯುವುದಕ್ಕೂ ಅದರಲ್ಲೇ ಸಮಯ ಹೋಗುತ್ತದೆ. ಇಂಥ ಆಟಗಾರರು ತಮ್ಮಲ್ಲೇ ಆಡಿಕೊಂಡು ಕೂರುವುದಿಲ್ಲ, ಕಣ್ಣು ಚೆನ್ನಾಗಿರುವವರ ಟೂರ್ನಿಗಳಿಗೂ ಹೋಗುತ್ತಾರೆ. ಕಿಶನ್ ಅವರಿಗೂ ಉಳಿದ ಆಟಗಾರರ ಹಾಗೇ ಫಿಡೆಯ ರೇಟಿಂಗ್ ಇದೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅವರ ಪದಕಗಳಿಗಿಂತ ಅವರು ಆಡುವ ವಿಭಾಗದ ಹೆಸರು: ಬಿ2, ಬಿ3. ದೃಷ್ಟಿದೋಷ ಇರುವ ಕ್ರೀಡಾಪಟುಗಳನ್ನು ಮೂರು ಗುಂಪು ಮಾಡುತ್ತಾರೆ. ಬಿ1 ಎಂದರೆ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಕಾಣದವರು. ಬಿ2, ಬಿ3ಯವರಿಗೆ ಸ್ವಲ್ಪ ಕಾಣುತ್ತದೆ. ಎಷ್ಟು ದೂರ, ಎಷ್ಟು ಸ್ಪಷ್ಟ ಕಾಣುತ್ತದೆ ಎಂಬುದು ಒಂದು ಲೆಕ್ಕ. ಎಷ್ಟು ಅಗಲ ಕಾಣುತ್ತದೆ ಎಂಬುದು ಇನ್ನೊಂದು ಲೆಕ್ಕ. ನೋಟದ ಅಗಲ 20 ಡಿಗ್ರಿಗಿಂತ ಕಡಿಮೆ ಇದ್ದರೆ ಬಿ3, 5 ಡಿಗ್ರಿಗಿಂತ ಕಡಿಮೆ ಇದ್ದರೆ ಬಿ2. ನೇರ ಎದುರಿನದು ಕಂಡು ಪಕ್ಕದ್ದು ಕಾಣದವರೂ ಇದರಲ್ಲಿ ಬರುತ್ತಾರೆ. ದಾದಾನ ತೊಂದರೆಯೂ ಇದೇ ಜಾತಿಯದು. ಜಗತ್ತಿನಲ್ಲಿ ಇದಕ್ಕೆ ಹೆಸರಿದೆ, ಇದಕ್ಕೊಂದು ಆಟದ ಮೇಜು ಇದೆ, ಆ ಮೇಜಿನಲ್ಲಿ ಚಾಂಪಿಯನ್ನರಿದ್ದಾರೆ ಎಂದು ನನಗೆ ಆವತ್ತು ಗೊತ್ತಾಯಿತು.

ಅಂಧರ ಚೆಸ್ ಹೇಗೆ ನಡೆಯುತ್ತದೆ ಎಂದು ನಿಮಗೂ ಕುತೂಹಲ ಇರಬಹುದು. ಇದು ಹೊಸದಲ್ಲ. ಅಂಧರ ಚೆಸ್ ಒಲಿಂಪಿಯಾಡ್ 1961ರಲ್ಲೇ ಜರ್ಮನಿಯಲ್ಲಿ ಶುರುವಾಯಿತು. 2012ರಲ್ಲಿ ನಮ್ಮ ಚೆನ್ನೈನಲ್ಲೇ ನಡೆಯಿತು. ನಮ್ಮ ದೇಶದಲ್ಲಿ ಇದಕ್ಕೆ ಒಂದು ಫೆಡರೇಷನ್ ಇದೆ. ಅದನ್ನು ಕಟ್ಟಿದ ಮುಂಬೈನ ಚಾರುದತ್ತ ಜಾಧವ್ ಅವರಿಗೂ ಕಣ್ಣು ಕಾಣುವುದಿಲ್ಲ, ಅವರೂ ಚೆಸ್ ಆಟಗಾರರು.

ಬೋರ್ಡ್ ಬೇರೆ ಥರ. ಕಪ್ಪು ಮನೆಗಳು ಬಿಳಿಯ ಮನೆಗಳಿಗಿಂತ ಸ್ವಲ್ಪ ಎತ್ತರದಲ್ಲಿರುತ್ತವೆ. ಪ್ರತಿ ಮನೆಯಲ್ಲೂ ಒಂದು ತೂತು, ಪ್ರತಿ ಕಾಯಿಯ ಬುಡದಲ್ಲೂ ಒಂದು ಮೊಳೆ. ಕೈ ತಾಗಿದರೂ ಕಾಯಿ ಬೀಳುವುದಿಲ್ಲ. ಕಪ್ಪು ಕಾಯಿಗಳಿಗೆ ಮುಟ್ಟಿದರೆ ಗೊತ್ತಾಗುವಂತೆ ಒಂದು ಗುರುತು ಇರುತ್ತದೆ. ಸಾಮಾನ್ಯ ಚೆಸ್‌ನಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಇಲ್ಲಿ ಎಷ್ಟು ಬೇಕಾದರೂ ಮುಟ್ಟಬಹುದು, ತೂತಿನಿಂದ ಎತ್ತಿದರೆ ಮಾತ್ರ ಮುಟ್ಟಿದ ಲೆಕ್ಕ. ಇಬ್ಬರೂ ತಮ್ಮ ತಮ್ಮ ಬೋರ್ಡ್ ಇಟ್ಟುಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯ ನಿಯಮ: ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಯಾವ ಕಾಯಿ, ಯಾವ ಮನೆಗೆ ಎಂದು ಸ್ಪಷ್ಟವಾಗಿ ಹೇಳಬೇಕು. ಎದುರಾಳಿ ಕೇಳಿಸಿಕೊಂಡು, ಬೇಕಾದರೆ ಮತ್ತೆ ಹೇಳಿ, ತನ್ನ ಬೋರ್ಡಿನಲ್ಲೂ ಆ ನಡೆ ನಡೆಸಬೇಕು. ಇಂಗ್ಲಿಷಿನ ಬಿ, ಡಿ, ಇ ಅಕ್ಷರಗಳು ಕಿವಿಗೆ ಒಂದೇ ಥರ ಕೇಳಿಸುತ್ತವೆ. ಅದಕ್ಕೆ ಸಾಲುಗಳಿಗೆ ಹೆಸರಿಟ್ಟಿದ್ದಾರೆ: ಆನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್. ಈ ನಿಯಮ ಓದಿದಾಗ ನನಗೆ ನಾಚಿಕೆಯಾಯಿತು. ಇಲ್ಲಿ ಮೂಲೆಯಲ್ಲಿ ಆನೆಯನ್ನು ಬಚ್ಚಿಡುವುದಕ್ಕೆ ಆಗುವುದಿಲ್ಲ. ಕಿಶನ್ ಗಂಗೊಳ್ಳಿ ಸೋಲಿಸಿದವರೆಲ್ಲ ಅವರ ಆನೆ ಎಲ್ಲಿದೆ ಎಂದು ಕೇಳಿಸಿಕೊಂಡೇ ಸೋತವರು.

ಅಂಥ ಬೋರ್ಡು ಶಿವಾಜಿನಗರದಲ್ಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಕೆ.ಆರ್. ಪುರದಲ್ಲಿ ನನ್ನ ಖಾಲುವಿಗೆ ಮರಗೆಲಸದ ಚಿಕ್ಕ ವರ್ಕ್‌ಶಾಪ್ ಇದೆ. ಅದೇ ತಿಂಗಳು ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರಕ್ಕೆ ಮೆಟ್ರೊ ಸೇರಿತ್ತು. ಒಂದು ಭಾನುವಾರ ದಾದಾಗೆ ಗೊತ್ತಾಗದಂತೆ ಅವರ ಕಾಯಿಗಳ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಎಂ.ಜಿ. ರಸ್ತೆಯಲ್ಲಿ ಮೆಟ್ರೊ ಹತ್ತಿದೆ. ಹಲಸೂರು, ಇಂದಿರಾನಗರ ದಾಟಿ ಹೋಗುವಷ್ಟರಲ್ಲಿ ಖಾಲುವಿಗೆ ಏನು ಹೇಳಬೇಕೆಂದು ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡೆ.

ಖಾಲು ಎಲ್ಲ ಕೇಳಿ, "ಚೆಸ್ ಎಲ್ಲ ಓದಿದವರ ಆಟ, ನಮಗೇನು ಗೊತ್ತು" ಎಂದು ನಕ್ಕರು. ಆಗ ನಾನು ಅವರಿಗೆ ಮೊಹಮ್ಮದ್ ರಫೀಕ್ ಖಾನ್ ಬಗ್ಗೆ ಹೇಳಿದೆ. ಕಿಶನ್ ಅವರ ಬಗ್ಗೆ ಹುಡುಕುವಾಗ ಸಿಕ್ಕಿದ ಹೆಸರು ಅದು. ಭೋಪಾಲದವರು, ಬಡಗಿ ಕೆಲಸ ಮಾಡುತ್ತಿದ್ದವರು. 1976ರಲ್ಲಿ ರಾಷ್ಟ್ರಮಟ್ಟದ ಟೂರ್ನಿ ಗೆದ್ದರು. 1980ರಲ್ಲಿ ಮಾಲ್ಟಾದಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ನಲ್ಲಿ ವೈಯಕ್ತಿಕ ಬೆಳ್ಳಿ ಪದಕ ಗೆದ್ದರು. ಖಾಲು ಉಳಿ ಕೆಳಗಿಟ್ಟು "ಬಡಗಿನಾ? ನಿಜವಾಗಲೂ?" ಎಂದರು. ಆಮೇಲೆ ಆ ಭಾನುವಾರದ ಬೇರೆ ಕೆಲಸ ಬದಿಗಿಟ್ಟರು.

ಒಂದು ಅಡಿ ಪ್ಲೈವುಡ್, ಅದರ ಮೇಲೆ ತೆಳು ಪ್ಲೈಯ 32 ಚೌಕ ಅಂಟಿಸಿದೆವು. ಡ್ರಿಲ್ಲಿನಿಂದ 64 ತೂತು. ಮೊಳೆಗಳ ತಲೆ ಕತ್ತರಿಸಿ ಕಾಯಿಗಳ ಬುಡಕ್ಕೆ ಹೊಡೆದೆವು. ಕಪ್ಪು ಕಾಯಿಗಳ ತಲೆಗೆ ಗುಂಡುಪಿನ್ನು. ಒಂದು ಕುದುರೆಯ ಕಿವಿ ಮುರಿಯಿತು. ಖಾಲು ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಬೋರ್ಡನ್ನು ದಾದಾನ ಮುಂದೆ ಇಟ್ಟೆ. ಅವರು ಮೊದಲು ಮಾತಾಡಲಿಲ್ಲ. ಬೆರಳಿನಿಂದ ಏರು ತಗ್ಗು ಮುಟ್ಟುತ್ತಾ ಹೋದರು. ಮುರಿದ ಕಿವಿಯ ಕುದುರೆ ಸಿಕ್ಕಿತು. "ಇದಕ್ಕೇನು ಮಾಡಿದೆ?" ಎಂದರು. ಅಷ್ಟೇ. ಆಮೇಲೆ ನಾನು ಕಿಶನ್ ಗಂಗೊಳ್ಳಿ ಬಗ್ಗೆ ಹೇಳಿದೆ. "ಶಿವಮೊಗ್ಗದವರಾ?" ಎಂದು ಎರಡು ಸಲ ಕೇಳಿದರು.

ಆನಾ, ಬೆಲ್ಲಾ, ಗುಸ್ತಾವ್ ಹೆಸರುಗಳು ದಾದಾಗೆ ಹಿಡಿಸಲಿಲ್ಲ. "ಇವರೆಲ್ಲ ಯಾರು? ನನಗೆ ಪರಿಚಯ ಇಲ್ಲ" ಎಂದರು. ಅಂಗಡಿಯಲ್ಲಿ ತೂಗಿದ ಸಾಮಾನು, ಮಾರ್ಕೆಟ್ಟಿನಲ್ಲಿ ಕೊಂಡ ಸಾಮಾನು ಎಲ್ಲ ಸೇರಿಸಿ ತಾವೇ ಹೆಸರಿಟ್ಟರು: ಅನಾರ್, ಬಾದಾಮ್, ಚೀಕು, ಧನಿಯಾ, ಇಲಾಯಚಿ, ಫಾಲ್ಸಾ, ಗಾಜರ್, ಹಲ್ವಾ. ಹೀಗಾಗಿ ನಮ್ಮ ಮನೆಯಲ್ಲಿ ಚೆಸ್ ಆಡುವುದು ಕೇಳಿದರೆ ಯಾರೋ ಹಬ್ಬದ ಸಾಮಾನಿನ ಚೀಟಿ ಬರೆಸುತ್ತಿದ್ದಾರೆ ಅನ್ನಿಸುತ್ತದೆ. "ಘೋಡಾ, ಗಾಜರ್ ಪಾಂಚ್." "ಪ್ಯಾದಾ, ಧನಿಯಾ ಚಾರ್." ಅಮ್ಮಿ ಅಡುಗೆಮನೆಯಿಂದ "ಹಲ್ವಾ ಯಾರಿಗೆ ಬೇಕು?" ಎಂದು ಕೂಗುತ್ತಾರೆ.

ನಾಲ್ಕನೆಯ ಸಂಜೆಯೋ ಐದನೆಯ ಸಂಜೆಯೋ ಇರಬೇಕು. ನಾನು ನಡೆ ಹೇಳಿದೆ: "ಹಾಥಿ, ಹಲ್ವಾ ಏಕ್." ಹಲ್ವಾ ಎಂದರೆ ದಾದಾನ ಎಡಗಡೆಯ ಕೊನೇ ಸಾಲು. ಅದೇ ಸಾಲು, ಅದೇ ಮೂಲೆ. ದಾದಾನ ಬೆರಳು ಅಲ್ಲಿಗೆ ಹೋಗಿ ಆನೆಯ ಮೇಲೆ ನಿಂತಿತು. ನನಗೆ ಇನ್ನು ತಡೆಯಲಾಗಲಿಲ್ಲ. "ದಾದಾ, ರಂಜಾನ್ ಆದ ಮೇಲೆ ನಾನು ಗೆದ್ದೆನಲ್ಲ, ಆವತ್ತು ನಿಮಗೆ ಈ ಆನೆ ಕಾಣುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ" ಎಂದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಆನೆಯ ಮೇಲಿಂದ ಬೆರಳು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನನಗೂ ಗೊತ್ತಿತ್ತು ಬೇಟಾ. ಒಂದು ವರ್ಷದಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಹೇಳಿದರೆ ನಿನ್ನ ಅಬ್ಬು ಒಬ್ಬನೇ ಹೊರಗೆ ಹೋಗಲು ಬಿಡುವುದಿಲ್ಲ ಅಂತ ಸುಮ್ಮನಿದ್ದೆ. ನೀನು ಒಂದು ಬಾಜಿಯಲ್ಲಿ ಮುಚ್ಚಿಟ್ಟೆ. ನಾನು ಒಂದು ವರ್ಷ ಮುಚ್ಚಿಟ್ಟೆ. ಹೋದ ಕಣ್ಣು ಹೋಯಿತು." ಆಮೇಲೆ ಕೈ ಚಾಚಿ, "ನನ್ನ ಐವತ್ತು ರೂಪಾಯಿ ವಾಪಸ್ ಕೊಡು" ಎಂದರು. ಕೊಟ್ಟೆ. ನಾನು ಅಳುತ್ತಿದ್ದೆ, ಅವರು ನಗುತ್ತಿದ್ದರು. ಬಾಜಿಯನ್ನು ಅವರೇ ಗೆದ್ದರು.

ಅಕೌಂಟೆನ್ಸಿಯಲ್ಲಿ ನಮಗೆ ಕಲಿಸುತ್ತಾರೆ, ಬರಬಹುದಾದ ನಷ್ಟ ಮೊದಲೇ ಗೊತ್ತಾದರೆ ಅದನ್ನು ಆಗಲೇ ಪುಸ್ತಕದಲ್ಲಿ ತೋರಿಸಬೇಕು ಎಂದು. ನಮ್ಮ ಮನೆಯಲ್ಲಿ ಇಬ್ಬರಿಗೆ ಗೊತ್ತಿದ್ದ ನಷ್ಟವನ್ನು ಇಬ್ಬರೂ ತೋರಿಸಲಿಲ್ಲ. ಒಂದು ವರ್ಷ ಮೊದಲೇ ಡ್ರಾಪ್ಸ್ ಶುರುವಾಗಿದ್ದರೆ ಇನ್ನಷ್ಟು ನೋಟ ಉಳಿಯುತ್ತಿತ್ತೇನೋ. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ಡಿಸೆಂಬರ್‌ನಲ್ಲಿ ದಾದಾ ಮತ್ತೆ ಜಗಲಿಗೆ ಹೋದರು, ಹೊಸ ಬೋರ್ಡ್ ಕಂಕುಳಲ್ಲಿ ಇಟ್ಟುಕೊಂಡು. ಜೊತೆಗೆ ನಾನೂ ಹೋದೆ. ದೃಷ್ಟಿದೋಷ ಇರುವ ಆಟಗಾರನಿಗೆ ಒಬ್ಬ ಸಹಾಯಕ ಇರಬಹುದು, ಎರಡೂ ಕಡೆಯ ನಡೆಗಳನ್ನು ಗಟ್ಟಿಯಾಗಿ ಹೇಳಬಹುದು, ಎದುರಾಳಿಯ ಬೋರ್ಡಿನಲ್ಲಿ ಕಾಯಿ ನಡೆಸಬಹುದು ಎಂದು ನಿಯಮವೇ ಇದೆ. ಅಮ್ಮಿಗೆ ಅದನ್ನೇ ಹೇಳಿದೆ. ಅಮ್ಮಿ ಅಬ್ಬುವಿನ ಮುಖ ನೋಡಿದರು, ಅಬ್ಬು "ಹೋಗಲಿ ಬಿಡು" ಎಂದರು. ಜಗಲಿಯಲ್ಲಿ ಒಬ್ಬ ಹಿರಿಯರು "ಇದೇನು ಆಟವೋ, ಹರಾಜು ಕೂಗೋದೋ?" ಎಂದು ಗೊಣಗಿದರು. ಇನ್ನೊಬ್ಬರು ಎದ್ದೇ ಹೋದರು, ವಾರದ ಮೇಲೆ ತಾವಾಗಿಯೇ ಬಂದರು. ಆವತ್ತು ದಾದಾ ಸೋತರು. ನಿಜವಾದ ಸೋಲು. ಮನೆಗೆ ಬರುವಾಗ ನನ್ನ ತೋಳು ಹಿಡಿದುಕೊಂಡು ಆ ಬಾಜಿಯಲ್ಲಿ ಎಲ್ಲಿ ತಪ್ಪಿತು ಎಂದು ಗಲ್ಲಿ ಪೂರ್ತಿ ಹೇಳುತ್ತಾ ಬಂದರು. ಎಲ್ಲ ನಡೆಯೂ ಅವರಿಗೆ ನೆನಪಿತ್ತು. ನನಗೆ ಅರ್ಧ ಮರೆತಿತ್ತು.

ಸ್ನೇಹಿತರೇ, ಎರಡು ಮಾತು ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ದಾದಾ, ದಾದಿ, ನಾನಾ, ನಾನಿ, ಅಜ್ಜ, ಅಜ್ಜಿ ಇದ್ದರೆ, ಅವರು ಬಾಗಿಲಿಗೆ ತಾಗಿಸಿಕೊಂಡರೆ, ಪಕ್ಕದಲ್ಲಿಟ್ಟ ಲೋಟ ಉರುಳಿಸಿದರೆ ನಗಬೇಡಿ. ಕಣ್ಣು ತೋರಿಸಿ. ಮನೆಯಲ್ಲಿ ಒಬ್ಬರಿಗೆ ಗ್ಲುಕೋಮಾ ಇದ್ದರೆ ಅವರ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಅಬ್ಬು ಈಗ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾರೆ.

ಎರಡನೆಯದು, ಈ ವರ್ಷ ನಮ್ಮ ಕಾಲೇಜಿನ ಚೆಸ್ ಸ್ಪರ್ಧೆಯಲ್ಲಿ ಒಂದು ಮೇಜಿನ ಮೇಲೆ ನಮ್ಮ ಬೋರ್ಡ್ ಇಡಲು ದಾದಾ ಒಪ್ಪಿದ್ದಾರೆ. ಯಾರಾದರೂ ಕಣ್ಣು ಮುಚ್ಚಿಕೊಂಡು ಹತ್ತು ನಡೆ ಆಡಿ ನೋಡಿ. ಶಿವಮೊಗ್ಗದ ಆ ಚಾಂಪಿಯನ್ ಗೆದ್ದದ್ದು ಏನು ಎಂದು ಬೆರಳಿಗೆ ಗೊತ್ತಾಗುತ್ತದೆ. ಒಂದೇ ಷರತ್ತು: ನಡೆಯನ್ನು ಗಟ್ಟಿಯಾಗಿ ಹೇಳಬೇಕು. ಮುರಿದ ಕಿವಿಯ ಕುದುರೆಯನ್ನು ಹುಷಾರಾಗಿ ಎತ್ತಿ.